ಸಂಜೆಯ ನಿದ್ದೆ ಯಾರಿಗೆ ಬೇಕಿತ್ತು?

ಮಗುವಿನ ನಿದ್ದೆಯ ತೊಂದರೆ ಅಂತ ಯಾರಾದರೂ ಕೌನ್ಸೆಲಿಂಗಿಗೆ ಬಂದರೆ ನಾನು ಈಗ ಮೊದಲು ಕೇಳುವುದು ಒಂದೇ. ಹಗಲು ಮಗು ಯಾರ ಹತ್ತಿರ ಇರುತ್ತೆ? ಅವರು ಎದುರಿನ ಕುರ್ಚಿಯಲ್ಲಿ ಇಲ್ಲದಿದ್ದರೆ ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ರಜೆ ಹಾಕಿ, ಫೀಸು ಕೊಟ್ಟು ಬಂದಿರುತ್ತಾರೆ ಪಾಪ. ಆದರೂ ಬಿಡುವುದಿಲ್ಲ. ಈ ಹಟ ನನಗೆ ಹುಟ್ಟಿದ್ದು ಒಂದು ಮನೆಯ ವಿಷಯದಲ್ಲಿ ಎಡವಿದ ಮೇಲೆ.

ಗುರುತು ಸಿಗದ ಹಾಗೆ ಒಂದಿಷ್ಟು ವಿವರ ಬದಲಿಸಿದ್ದೇನೆ. ತಾಯಿಗೆ ಮೂವತ್ತರ ಆಸುಪಾಸು. ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ರೈಲು ಹತ್ತಿದರೆ ವಾಪಸ್ ಬರುವಾಗ ಸಂಜೆ ಏಳೂವರೆ. ಗಂಡನಿಗೆ ಊರಲ್ಲೇ ಕೆಲಸ. ಹದಿನೇಳು ತಿಂಗಳ ಹೆಣ್ಣುಮಗು ಇಡೀ ದಿನ ಅತ್ತೆಯ ಹತ್ತಿರ. ಮಾವನೂ ಮನೆಯಲ್ಲೇ ಇದ್ದಾರೆ, ನಿವೃತ್ತರು. ಮೊದಲೆರಡು ಸಲ ನನ್ನ ಹತ್ತಿರ ಬಂದದ್ದು ಸೊಸೆ ಒಬ್ಬರೇ.

ದೂರು ಇಷ್ಟು. ಮಗು ರಾತ್ರಿ ಹನ್ನೊಂದೂವರೆಯಾದರೂ ಮಲಗುವುದಿಲ್ಲ. ತಾಯಿ ಐದೂವರೆಗೆ ಏಳಲೇಬೇಕು. ಎಂಟು ತಿಂಗಳಿಂದ ಅವರಿಗೆ ಆರು ಗಂಟೆ ನಿದ್ದೆಯೂ ಆಗಿಲ್ಲ. ರೈಲಿನಲ್ಲಿ ಕೂತಲ್ಲೇ ತೂಕಡಿಸಿ ಒಮ್ಮೆ ಇಳಿಯಬೇಕಾದ ಸ್ಟೇಷನ್ನನ್ನೇ ದಾಟಿದ್ದರು.

ಹಗಲಿನ ಲೆಕ್ಕ ಕೇಳಿದೆ. ಮಗು ಎಂಟೂವರೆಗೆ ಏಳುತ್ತದೆ. ಹನ್ನೊಂದಕ್ಕೆ ಒಂದು ಗಂಟೆ ನಿದ್ದೆ. ಸಂಜೆ ಐದರ ಸುಮಾರಿಗೆ ಇನ್ನೊಂದು ನಿದ್ದೆ, ಅದು ಆರೂವರೆಯವರೆಗೆ. ಎಲ್ಲ ಕೂಡಿಸಿದರೆ ಹನ್ನೊಂದೂವರೆ ಗಂಟೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂದರೆ ಮಗುವಿಗೆ ನಿದ್ದೆ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದದ್ದು ಮನೆಯವರಿಗೆ.

ಆದರೂ ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಇದನ್ನು ನಾನು ತಪ್ಪಿಸುವುದಿಲ್ಲ. ಕಬ್ಬಿಣಾಂಶ ಕಡಿಮೆಯಿದ್ದರೂ ಮಕ್ಕಳು ರಾತ್ರಿಯಿಡೀ ಹೊರಳಾಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ ಕಂಡಿತ್ತು. ಗೊರಕೆ, ಬಾಯಿ ತೆರೆದು ಉಸಿರಾಡುವುದು ಇದ್ದರೆ ಅದನ್ನೂ ನೋಡಿಸಬೇಕು. ಈ ಮಗುವಿಗೆ ಅಂಥದ್ದೇನೂ ಇರಲಿಲ್ಲ.

ಹಾಗಾದರೆ ಸುಲಭ ಅಂದುಕೊಂಡೆ. ಒಂದು ವರ್ಷದಿಂದ ಒಂದೂವರೆ ವರ್ಷದ ಒಳಗೆ ಹೆಚ್ಚಿನ ಮಕ್ಕಳು ಹಗಲಿನ ಎರಡು ನಿದ್ದೆಯಿಂದ ಒಂದಕ್ಕೆ ಬರುತ್ತವೆ. ಈ ಮಗುವೂ ಆ ಹೊಸ್ತಿಲಲ್ಲೇ ಇತ್ತು. ಬಿಳಿ ಹಾಳೆಯ ಮೇಲೆ ಒಂದು ಚಾರ್ಟ್ ಬರೆದುಕೊಟ್ಟೆ. ಏಳುವುದು ಆರೂವರೆಗೆ, ಹಗಲಿನ ನಿದ್ದೆ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಎಂಟೂವರೆಗೆ ದೀಪ ಆರಿಸುವುದು. ಸಂಜೆಯ ನಿದ್ದೆ ಬಂದ್. ಚೆಂದದ ಚಾರ್ಟ್. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರಂತೆ.

ಎರಡು ವಾರ ಬಿಟ್ಟು ಸೊಸೆ ಮತ್ತೆ ಬಂದರು. ಏನೂ ಬದಲಾಗಿರಲಿಲ್ಲ. "ಅತ್ತೆ ಫಾಲೋ ಮಾಡ್ತಿಲ್ಲ ಮೇಡಂ. ನಾನು ಬರೋ ಹೊತ್ತಿಗೆ ಪುಟ್ಟಿ ಆಗಷ್ಟೇ ನಿದ್ದೆಯಿಂದ ಎದ್ದು ಫ್ರೆಶ್ ಆಗಿ ಕೂತಿರುತ್ತೆ. ಕೇಳಿದ್ರೆ, ಅವಳೇ ಮಲಗಿಬಿಟ್ಳು ಅಂತಾರೆ." ಆಗ ನಾನು ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ. "ಸ್ವಲ್ಪ ಗಟ್ಟಿಯಾಗಿ ಹೇಳಿ ನೋಡಿ" ಅಂದಿದ್ದೆ. ಆ ಮಾತು ಮನೆಗೆ ಹೋಗುವಾಗ "ಕೌನ್ಸೆಲರೇ ಹೇಳಿದ್ದಾರೆ" ಅಂತ ಬಾಲ ಕಟ್ಟಿಕೊಂಡು ಹೋಯಿತು. ಮುಂದಿನ ವಾರ ಆ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟರು.

ಮೂರನೇ ಸಲ ನಾನೇ ಫೋನ್ ಮಾಡಿ, ಶನಿವಾರ ಎಲ್ಲರೂ ಬನ್ನಿ ಅಂದೆ. ಗಂಡನೂ ಬಂದಿದ್ದರು. ಅತ್ತೆ ಕುರ್ಚಿಯ ಅಂಚಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತರು. ಪರೀಕ್ಷೆಗೆ ಕರೆಸಿದ್ದಾರೆ ಅನ್ನುವ ಹಾಗೆ. ಮಗು ಮೇಜಿನ ಕೆಳಗೆ ನುಗ್ಗಿ ನನ್ನ ಚಪ್ಪಲಿ ಎಳೆಯುತ್ತಿತ್ತು.

ನನಗೆ ತಿಳಿದ ದಾರಿಯಲ್ಲೇ ಶುರು ಮಾಡಿದೆ. ಎಚ್ಚರ ಇದ್ದಷ್ಟು ಹೊತ್ತು ಮೈಯಲ್ಲಿ ನಿದ್ದೆಯ ಹಸಿವು ಏರುತ್ತಾ ಹೋಗುತ್ತೆ ಅಮ್ಮಾ ಅಂದೆ. ಸಂಜೆ ಆರಕ್ಕೆ ಎರಡು ಬೋಂಡಾ ತಿಂದರೆ ಎಂಟಕ್ಕೆ ಮುದ್ದೆ ಸೇರುತ್ತಾ? ಐದು ಗಂಟೆಯ ನಿದ್ದೆಯೂ ಹಾಗೇ, ರಾತ್ರಿಯ ಹಸಿವನ್ನು ಕೊಂದುಬಿಡುತ್ತೆ. ಅವರು ತಲೆಯಾಡಿಸಿದರು. ಅರ್ಥವಾಗದೆ ಅಲ್ಲ. ನಾಲ್ಕು ಮಕ್ಕಳನ್ನು ಸಾಕಿದವರಿಗೆ ನಾನು ಬೋಂಡಾದ ಕತೆ ಹೇಳುತ್ತಿದ್ದೆ.

ಕೊನೆಗೆ ಅವರು ಸೊಸೆಯ ಕಡೆ ನೋಡದೆ, ನನ್ನ ಮೇಜಿನ ಮೇಲಿದ್ದ ಚಾರ್ಟಿನ ಕಡೆ ಕೈ ತೋರಿಸಿ ಕೇಳಿದರು. "ಇದರಲ್ಲಿ ನಾನು ಯಾವಾಗ ಕೂತ್ಕೋಬೇಕು ಅಂತ ಎಲ್ಲಿ ಬರ್ದಿದ್ದೀರಿ?"

ನನಗೆ ತಕ್ಷಣ ಮಾತು ಹೊಳೆಯಲಿಲ್ಲ.

"ನಾನು ಬೇಕಂತಲೇ ಮಲಗಿಸ್ತೀನಿ ಮೇಡಂ. ಸುಳ್ಳು ಯಾಕೆ ಹೇಳ್ಲಿ? ಐದಕ್ಕೆ ಎದ್ದವಳು ನಾನು. ಬೆಳಗ್ಗೆ ಅವಳು ಮಲಗಿದ್ರೆ ಆ ಒಂದು ಗಂಟೇಲಿ ಅಡುಗೆ, ಬಟ್ಟೆ. ಸಂಜೆ ಹೊತ್ತಿಗೆ ಮಂಡಿ ಹಿಡ್ಕೊಂಡಿರುತ್ತೆ. ಭುಜದ ಮೇಲೆ ಹಾಕ್ಕೊಂಡು ತಟ್ಟಿದ್ರೆ ಅವಳು ಮಲಗ್ತಾಳೆ, ನಾನು ಕಾಲು ಚಾಚ್ತೀನಿ. ಆ ನಿದ್ದೆ ಅವಳದಲ್ಲ, ನಂದು. ತಗೊಳ್ಳಿ, ಬೇಡ ಅನ್ನಲ್ಲ. ನಂಗೆ ಬದಲಿಗೆ ಏನು ಕೊಡ್ತೀರಿ ಹೇಳಿ."

ಗಂಡ ನೆಲ ನೋಡುತ್ತಿದ್ದರು. ಸೊಸೆಯ ಕಣ್ಣು ತುಂಬಿತ್ತು. ಸಿಟ್ಟಿಗೋ ನಾಚಿಕೆಗೋ ನನಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೂ ಒಂದು ಮಾತು ಹೇಳಿದರು, ತೀರಾ ಮೆಲ್ಲಗೆ. "ಎಂಟೂವರೆಗೆ ಮಲಗಿಸಿದ್ರೆ ನನಗೆ ಪುಟ್ಟಿ ಸಿಗೋದು ಒಂದೇ ಗಂಟೆ ಅಲ್ವಾ."

ಅಲ್ಲಿಗೆ ಚಿತ್ರ ಪೂರ್ತಿಯಾಯಿತು. ಸಂಜೆಯ ನಿದ್ದೆ ಅಜ್ಜಿಗೆ ಬೇಕಿತ್ತು. ತಡರಾತ್ರಿಯ ಎಚ್ಚರ, ದೂರು ಕೊಟ್ಟ ತಾಯಿಗೇ ಅರ್ಧ ಬೇಕಿತ್ತು. ಎರಡೂ ತಪ್ಪಲ್ಲ. ಇವೆರಡನ್ನೂ ನೋಡದೆ ನಾನು ಗಡಿಯಾರ ತಿರುಗಿಸಲು ಹೊರಟಿದ್ದೆ.

ಆ ದಿನ ಕೊಟ್ಟ ಸಲಹೆ ಮಗುವಿನಿಂದ ಶುರುವಾಗಲಿಲ್ಲ, ಅಡುಗೆಮನೆಯಿಂದ ಶುರುವಾಯಿತು. ಹಗಲಿನ ಒಂದೇ ನಿದ್ದೆಯಲ್ಲಿ ಅಜ್ಜಿ ಅಡುಗೆಯನ್ನೂ ಮಾಡಿ ವಿಶ್ರಾಂತಿಯನ್ನೂ ತಗೊಳ್ಳಲು ಆಗುವುದಿಲ್ಲ. ಹಾಗಾಗಿ ಮಗ ಒಂಬತ್ತಕ್ಕೆ ಮನೆ ಬಿಡುವ ಮೊದಲು ತರಕಾರಿ ಹೆಚ್ಚಿ, ಅನ್ನ ಬೇಳೆ ಕುಕ್ಕರಿಗೆ ಇಟ್ಟು ಹೋಗಬೇಕು. "ಸಾರು ಮಾತ್ರ ನಾನೇ ಮಾಡ್ತೀನಿ, ಅವನು ಮಾಡಿದ್ದು ಮಗು ಮುಟ್ಟಲ್ಲ" ಅಂದರು ಅಜ್ಜಿ. ಅವತ್ತು ಆ ಕೋಣೆಯಲ್ಲಿ ಮೊದಲ ಸಲ ಎಲ್ಲರೂ ನಕ್ಕರು. ಮಗು ಮಧ್ಯಾಹ್ನ ಮಲಗಿದಾಗ ಅಜ್ಜಿ ಮಲಗಬೇಕು. ಬಟ್ಟೆ ಮಡಚುವುದು, ಅಕ್ಕಿ ಆರಿಸುವುದು ಆಗ ಬೇಡ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮಗು ತಾತನ ಜವಾಬ್ದಾರಿ.

ತಾತನ ವಿಷಯದಲ್ಲಿ ಒಂದು ಗುಟ್ಟು ಆಗಲೇ ಹೊರಬಿತ್ತು. ಅವರು ಸಂಜೆ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಒಂದು ಸುತ್ತು ಹೊಡೆಯುತ್ತಿದ್ದರಂತೆ. ತಣ್ಣನೆ ಗಾಳಿ, ಗಾಡಿಯ ಗುಂಯ್ ಸದ್ದು. ಎರಡನೇ ತಿರುವಿನಲ್ಲೇ ಮಗು ತೂಕಡಿಕೆ. ನಿದ್ದೆಯ ಮಾತು ಬಿಡಿ, ಅದು ಅಪಾಯ ಕೂಡ. ಸ್ಕೂಟರ್ ಬೇಡ, ಪಾರ್ಕಿಗೆ ನಡೆಸಿಕೊಂಡು ಹೋಗಲಿ, ಅವರ ಗೆಳೆಯರ ಬೆಂಚಿನ ಸುತ್ತ ಓಡಾಡಿಕೊಂಡಿರಲಿ ಅಂದೆ. ಸಂಜೆ ಬೆಳಕಿನಲ್ಲಿ ಹೊರಗಿರುವ ಮಗುವಿಗೆ ತೂಕಡಿಕೆ ಬೇಗ ಬರುವುದಿಲ್ಲ.

ಇಷ್ಟಾದ ಮೇಲೆ ನಿದ್ದೆಯ ಮಾತು. ಒಂದೇ ದಿನಕ್ಕೆ ಕತ್ತರಿಸಿದ್ದು ನನ್ನ ಮೊದಲ ಚಾರ್ಟಿನ ಇನ್ನೊಂದು ತಪ್ಪು. ಈ ಸಲ ಬೆಳಗ್ಗೆ ಏಳಿಸುವುದನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ತಂದೆವು. ಬೆಳಗಿನ ನಿದ್ದೆಯನ್ನು ಹಾಗೇ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳಿದೆವು. ಹನ್ನೊಂದು ಇದ್ದದ್ದು ಹನ್ನೊಂದೂ ಕಾಲು, ಹನ್ನೊಂದೂವರೆ, ಹೀಗೆ ಹನ್ನೆರಡೂವರೆಯವರೆಗೆ. ಊಟ ಅದಕ್ಕಿಂತ ಮುಂಚೆ ಆಗಲೇಬೇಕು. ಇಲ್ಲದಿದ್ದರೆ ಮಗು ತಟ್ಟೆಯಲ್ಲೇ ತಲೆ ಇಡುತ್ತೆ, ಹಸಿವಿಗೆ ಮುಕ್ಕಾಲು ಗಂಟೆಯಲ್ಲೇ ಏಳುತ್ತೆ. ಮಧ್ಯಾಹ್ನ ಸರಿಯಾಗಿ ಮಲಗದ ದಿನ ರಾತ್ರಿ ಅರ್ಧ ಗಂಟೆ ಬೇಗ ಮಲಗಿಸಬೇಕು. ತೀರಾ ರಂಪ ಮಾಡಿದರೆ ನಾಲ್ಕು ಗಂಟೆಗೆ ಮುಂಚೆ ಒಂದು ಹದಿನೈದು ನಿಮಿಷದ ನಿದ್ದೆ ಇರಲಿ. ಆಕಾಶವೇನೂ ಬೀಳುವುದಿಲ್ಲ. ಮೂರು ನಾಲ್ಕು ವಾರ ಇದು ಹಿಂದೆ ಮುಂದೆ ಆಗುತ್ತಲೇ ಇರುತ್ತೆ ಅಂತ ಮೊದಲೇ ಹೇಳಿಟ್ಟೆ.

ಬೆಳಗ್ಗೆ ಬೇಗ ಏಳಿಸುವುದಕ್ಕೆ ಇನ್ನೂ ಒಂದು ಕಾರಣ ಇತ್ತು. ಎಂಟೂವರೆಗೆ ಏಳುತ್ತಿದ್ದ ಮಗು ತಾಯಿ ಹೊರಡುವುದನ್ನೇ ಕಾಣುತ್ತಿರಲಿಲ್ಲ. ಆರಕ್ಕೋ ಆರೂ ಕಾಲಕ್ಕೋ ಎದ್ದರೆ ಮುಕ್ಕಾಲು ಗಂಟೆ ತಾಯಿಯ ಮಡಿಲು ಸಿಗುತ್ತೆ. ಸಂಜೆ ಕಳೆದುಕೊಂಡದ್ದು ಅಷ್ಟಿಷ್ಟು ಬೆಳಗ್ಗೆ ವಾಪಸ್.

ಒಂದು ವಿಷಯದಲ್ಲಿ ಮಾತ್ರ ನಾನು ಗದರಿದೆ ಅಂತಲೇ ಹೇಳಬೇಕು. ಹಿಂದಿನ ವಾರ ಗಂಡ ಎರಡು ರಾತ್ರಿ ಮಗುವಿಗೆ ಶೀತದ ಸಿರಪ್ ಕುಡಿಸಿದ್ದರು. ಶೀತ ಇರಲಿಲ್ಲ. ಕುಡಿದರೆ ಮಲಗುತ್ತೆ ಅಂತ ಯಾರೋ ಹೇಳಿದ್ದರಂತೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಎಚ್ಚರಿಸಿದ್ದಾರೆ. ಬಾಟಲಿಯ ಮೇಲೇ ಅದನ್ನು ಅಚ್ಚು ಹಾಕಬೇಕು ಅಂತಲೂ ಹೇಳಿದ್ದಾರೆ. ಜಾಯಿಕಾಯಿ ತೇದು ನೆಕ್ಕಿಸುವುದೂ ಬೇಡ. ಅದು ಅಜ್ಜಿಯರ ಕಾಲದ್ದು, ನಿಜ. ಆದರೆ ಹೆಚ್ಚಾದರೆ ಅದು ವಿಷ. ಕಲ್ಲಿನ ಮೇಲೆ ಎಷ್ಟು ಸುತ್ತು ತೇದರೆ ಹೆಚ್ಚು ಅಂತ ಅಳೆಯುವವರು ಯಾರು?

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಈ ಪ್ರಕರಣ ಕೇಳಿ ನಕ್ಕರು. "ನೀವು ಮಗುವಿನ ನಿದ್ದೆಗೆ ಸಲಹೆ ಕೊಡ್ತಿದ್ದೀರೋ, ಮನೆಗೆಲಸ ಹಂಚ್ತಿದ್ದೀರೋ?" ಎರಡನೆಯದೇ ಅಂದೆ. ಮಗುವನ್ನು ಅಳಲು ಬಿಟ್ಟು ಅಭ್ಯಾಸ ಮಾಡಿಸಿ ಅಂತ ಯಾಕೆ ಹೇಳಲಿಲ್ಲ ಅಂತಲೂ ಕೇಳಿದರು. ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಯಲ್ಲಿ ಮಗು ಹತ್ತು ನಿಮಿಷ ಅತ್ತರೆ ಪಕ್ಕದ ಮನೆಯವರೂ ಬಾಗಿಲಿಗೆ ಬರುತ್ತಾರೆ. ಆಗದ ಸಲಹೆ ಕೊಟ್ಟು, ಪಾಲಿಸಲಿಲ್ಲ ಅಂತ ಅವರನ್ನೇ ದೂರುವುದು ನನ್ನಿಂದ ಇನ್ನು ಆಗುವುದಿಲ್ಲ. ಒಮ್ಮೆ ಮಾಡಿದ್ದೇ ಸಾಕು.

ತಾಯಿಯ ಆಫೀಸಿನ ಶಿಶುಪಾಲನಾ ಕೇಂದ್ರಕ್ಕೆ ಬಿಡಬಹುದಲ್ಲ ಅಂತಲೂ ಕೆಲವರು ಕೇಳುತ್ತಾರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗಿನಿಂದ 50 ಜನ ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಕಾನೂನಿದೆ. ಇರಲಿ. ಹದಿನೇಳು ತಿಂಗಳ ಮಗುವನ್ನು ದಿನಾ ಬೆಳಗಿನ ರೈಲಿನ ಆ ನೂಕುನುಗ್ಗಲಿನಲ್ಲಿ ಎಪ್ಪತ್ತು ಕಿಲೋಮೀಟರ್ ಹೊತ್ತು ಹೋಗುವವರು ಯಾರು? ಆ ಕೆಲಸವೆಲ್ಲ ಕೊನೆಗೆ ಬಂದು ಬೀಳುವುದು ಮಂಡಿನೋವಿನ ಒಬ್ಬ ಅಜ್ಜಿಯ ಮೇಲೆ. ಸಂಬಳ ಇಲ್ಲ, ವಾರದ ರಜೆ ಇಲ್ಲ. ಮೇಲೆ ನಮ್ಮಂಥವರ ಚಾರ್ಟ್ ಬೇರೆ.

ಇದನ್ನು ಓದಿ ಇವತ್ತೇ ಮಗುವಿನ ಒಂದು ನಿದ್ದೆ ನಿಲ್ಲಿಸಲು ಹೊರಡಬೇಡಿ. ವರ್ಷ ತುಂಬುವ ಹೊತ್ತಿಗೆ ನಡಿಗೆ ಕಲಿಯುವಾಗ, ಹಲ್ಲು ಬರುವಾಗ ಮಕ್ಕಳು ನಾಲ್ಕು ದಿನ ನಿದ್ದೆ ಬೇಡ ಅನ್ನುತ್ತವೆ, ಮತ್ತೆ ಮಲಗುತ್ತವೆ. ಎರಡು ವಾರ ಸತತವಾಗಿ ಒಂದು ನಿದ್ದೆ ಬೇಡ ಅಂತ ಹಟ ಮಾಡಿದರೆ, ಅಥವಾ ರಾತ್ರಿಯ ನಿದ್ದೆ ತಡವಾಗುತ್ತಲೇ ಹೋದರೆ ಆಗ ಯೋಚಿಸಿ. ಹಗಲು ಪೂರ್ತಿ ಎಚ್ಚರ ಇಟ್ಟರೆ ರಾತ್ರಿ ಸತ್ತಂತೆ ಮಲಗುತ್ತೆ ಅನ್ನುವುದು ಈ ವಯಸ್ಸಿಗೆ ನಡೆಯುವುದಿಲ್ಲ. ಅತಿಯಾಗಿ ದಣಿದ ಮಗು ಅತ್ತು ಅತ್ತು ಮಲಗಿ ಮತ್ತೆ ಮತ್ತೆ ಏಳುತ್ತದೆ. ಮಧ್ಯಾಹ್ನದ ಆ ಒಂದು ನಿದ್ದೆ ಹೆಚ್ಚಿನ ಮಕ್ಕಳಿಗೆ ಮೂರು ವರ್ಷದವರೆಗಂತೂ ಬೇಕು. ಕೆಲವಕ್ಕೆ ಐದರವರೆಗೂ.

ಆ ಮನೆಯಲ್ಲಿ ಒಂದು ತಿಂಗಳಿಗೆ ಹೆಚ್ಚು ಕಡಿಮೆ ಹೊಂದಿಕೊಂಡಿತು. ನಡುವೆ ಒಂದು ಜ್ವರ ಬಂದು ವಾರವಿಡೀ ಎಲ್ಲ ಕೆಟ್ಟಿತ್ತು, ಮತ್ತೆ ಶುರು ಮಾಡಿದರು. ಅಜ್ಜಿ ಮಧ್ಯಾಹ್ನ ಮಲಗುತ್ತಾರೆ. ತಾತನಿಗೆ ಪಾರ್ಕಿನ ಗೆಳೆಯರ ನಡುವೆ ಬೆಲೆ ಬಂದಿದೆ. ಭಾನುವಾರ ಮಾತ್ರ ಚಾರ್ಟ್ ಇಲ್ಲ. ತಾಯಿ ಮಗು ಹತ್ತರವರೆಗೂ ಆಡುತ್ತಾರೆ, ಸೋಮವಾರ ಎಲ್ಲರೂ ಒದ್ದಾಡುತ್ತಾರೆ. ಬೇಡ ಅಂತ ನಾನು ಹೇಳಿಲ್ಲ.

ಕೊನೆಯ ಸಲ ಫೋನಿನಲ್ಲಿ ತಾಯಿ ಹೇಳಿದ್ದು ರೈಲಿನ ವಿಷಯ. ವಾರಕ್ಕೆ ಒಂದೆರಡು ದಿನ ಗಾಡಿ ತಡವಾಗುತ್ತೆ, ಮನೆ ತಲುಪುವಾಗ ಎಂಟೂ ಮುಕ್ಕಾಲು. ಅಷ್ಟರಲ್ಲಿ ಮಗು ಮಲಗಿರುತ್ತೆ. "ಮೊದಲಾಗಿದ್ರೆ ಎದ್ದಿರ್ತಿತ್ತು" ಅಂದರು. ನಾನು ಹೂಂ ಅಂದೆ. ಅದಕ್ಕೆ ನನ್ನ ಹತ್ತಿರ ಸಲಹೆ ಇರಲಿಲ್ಲ. ಆ ದಿನಗಳಲ್ಲಿ ಅತ್ತೆ ಮಗುವಿನ ಪಕ್ಕದ ಜಾಗ ಬಿಟ್ಟುಕೊಟ್ಟು ಹಾಲಿಗೆ ಬಂದು ಮಲಗುತ್ತಾರಂತೆ.