ಗ್ಲಾಸ್ ಹಾಕಿಸಿದ ಮೇಲೆ ಫಿಂಗರ್‌ಪ್ರಿಂಟ್ ತಗೊಳ್ತಿಲ್ಲ
ಗ್ಯಾಲಕ್ಸಿ ಎಸ್22 ಫೋನಿಗೆ ಟೆಂಪರ್ಡ್ ಗ್ಲಾಸ್ ಹಾಕಿಸಿದ ಮೇಲೆ ಬೆರಳು ತಗೊಳ್ತಿಲ್ಲ ಅಂದ್ರಲ್ಲ, ಬಹುಶಃ ಆ ಗ್ಲಾಸಿಗೆ ಅಂಚಲ್ಲಿ ಮಾತ್ರ ಅಂಟಿದೆ, ನಡುವೆ ಗಾಳಿ ಉಳಿದಿದೆ. ಆ ಫೋನಲ್ಲಿ ಬೆರಳಚ್ಚು ಓದೋದು ಅಲ್ಟ್ರಾಸಾನಿಕ್ ಸೆನ್ಸರ್, ಶಬ್ದದ ಅಲೆ ಬೆರಳಿಗೆ ತಾಗಿ ವಾಪಸ್ ಬರ್ಬೇಕು, ಮಧ್ಯೆ ಗಾಳಿ ಇದ್ರೆ ಸರಿಯಾಗಿ ದಾಟಲ್ಲ. ಮೊದ್ಲು ಸೆಟ್ಟಿಂಗ್ಸಲ್ಲಿ ಡಿಸ್‌ಪ್ಲೇ ಒಳಗೆ ಟಚ್ ಸೆನ್ಸಿಟಿವಿಟಿ ಆನ್ ಮಾಡಿ, ಆಮೇಲೆ ಹಳೇ ಬೆರಳಚ್ಚು ಪೂರ್ತಿ ಡಿಲೀಟ್ ಮಾಡಿ ಗ್ಲಾಸ್ ಮೇಲೇನೇ ಸ್ವಲ್ಪ ಒತ್ತಿ ಹೊಸದಾಗಿ ಸೇರ್ಸಿ. ಇಷ್ಟಕ್ಕೇ ಸರಿಹೋಗ್ಬೋದು, ಗ್ಯಾರಂಟಿ ಇಲ್ಲ. ಆಗ್ಲಿಲ್ಲ ಅಂದ್ರೆ ಆ ಗ್ಲಾಸ್ ತೆಗೆಸಿ ಟಿಪಿಯು ಫಿಲ್ಮ್ (ಮೆತ್ತನೆ ಪ್ಲಾಸ್ಟಿಕ್ ಹಾಳೆ) ಹಾಕ್ಸಿ, ಅದು ಸ್ಕ್ರೀನಿಗೆ ಪೂರ್ತಿ ಅಂಟ್ಕೊಳುತ್ತೆ, ಬಿದ್ದಾಗ ಗ್ಲಾಸಿನಷ್ಟು ಕಾಪಾಡಲ್ಲ ಆದ್ರೆ ಗೀರಿಗೆ ಸಾಕು. ಗ್ಲಾಸೇ ಬೇಕಂದ್ರೆ ಯುವಿ ಅಂಟಿನದು (ದ್ರವದ ಅಂಟು ಸುರಿದು ಯುವಿ ಬೆಳಕಲ್ಲಿ ಗಟ್ಟಿ ಮಾಡೋದು) ತಗೊಳ್ಳಿ, ಅಂಟು ಸುರಿಯೋ ಮುಂಚೆ ಸ್ಪೀಕರ್ ಜಾಲರಿ ಮುಚ್ಚಿಸಿ, ಇಲ್ಲಾಂದ್ರೆ ಒಳಗೆ ಇಳಿದುಬಿಡುತ್ತೆ.