ಸ್ಕೋಪಸ್‌ನಲ್ಲಿ ಎಚ್-ಇಂಡೆಕ್ಸ್ ಕಡಿಮೆ ತೋರಿಸುತ್ತಿರುವ ಕುರಿತು

ಗೂಗಲ್ ಸ್ಕಾಲರ್‌ನಲ್ಲಿ (ಗೂಗಲ್‌ನ ವಿದ್ವತ್ ಲೇಖನಗಳ ಹುಡುಕಾಟ ಸೇವೆ) 31 ಇರುವ ನಿಮ್ಮ ಎಚ್-ಇಂಡೆಕ್ಸ್ ಸ್ಕೋಪಸ್‌ನಲ್ಲಿ (ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ದಾಖಲಿಸುವ ದತ್ತಸಂಚಯ) 17 ಆಗಿರುವುದಕ್ಕೆ, ನಿಮ್ಮ ಹೃದ್ರೋಗ ಪ್ರಬಂಧಗಳು ಒಂದಕ್ಕಿಂತ ಹೆಚ್ಚು ಲೇಖಕ ಪ್ರೊಫೈಲ್‌ಗಳಲ್ಲಿ ಹಂಚಿಹೋಗಿರುವುದೇ ಬಹುಮಟ್ಟಿಗೆ ಕಾರಣವಿರಬೇಕು. ಎಚ್-ಇಂಡೆಕ್ಸ್ 17 ಎಂದರೆ ತಲಾ ಕನಿಷ್ಠ 17 ಬಾರಿ ಉಲ್ಲೇಖಗೊಂಡ 17 ಪ್ರಬಂಧಗಳಿವೆ ಎಂದರ್ಥ. ಸ್ಕಾಲರ್ ಮಹಾಪ್ರಬಂಧ, ಪ್ರೀಪ್ರಿಂಟ್‌ಗಳಲ್ಲಿನ ಉಲ್ಲೇಖಗಳನ್ನೂ ಎಣಿಸುವುದರಿಂದ ಸ್ವಲ್ಪ ಅಂತರ ಸಹಜ. ಇಷ್ಟೊಂದು ಅಂತರ ಸಾಮಾನ್ಯವಾಗಿ ಬರುವುದಿಲ್ಲ.

ಮೊದಲು ಸ್ಕೋಪಸ್‌ನ ಲೇಖಕ ಹುಡುಕಾಟದಲ್ಲಿ ನಿಮ್ಮ ಹೆಸರನ್ನು ಇನಿಷಿಯಲ್ ಮುಂದೆ, ಹಿಂದೆ, ಬಿಡಿಸಿ ಬರೆದು, ಹೀಗೆ ಎಲ್ಲ ರೂಪಗಳಲ್ಲಿ ಹುಡುಕಿ. ಹಳೆಯ ಸಂಸ್ಥೆಯ ಹೆಸರಿನಲ್ಲಿ ಉಳಿದಿರುವ ಪ್ರೊಫೈಲ್ ಸಿಕ್ಕರೆ ಅದರ ಪ್ರಬಂಧಗಳನ್ನು ಒಂದೊಂದಾಗಿ ನೋಡಿ, ವಿಲೀನಕ್ಕೆ ಕೋರಿಕೆ ಸಲ್ಲಿಸಿ. ಬಳಿಕ ವಿಲೀನಗೊಂಡ ಪ್ರೊಫೈಲನ್ನು ನಿಮ್ಮ 16 ಅಂಕಿಗಳ ಆರ್ಕಿಡ್ (ORCID, ಸಂಶೋಧಕರನ್ನು ಗುರುತಿಸುವ) ಸಂಖ್ಯೆಗೆ ಜೋಡಿಸಿ. ಸ್ಕಾಲರ್‌ನಲ್ಲಿ ಅದೇ ಹೆಸರಿನ ಬೇರೆಯವರ ಲೇಖನಗಳು ಸೇರಿಕೊಂಡಿದ್ದರೆ ತೆಗೆದುಹಾಕಿ. ಅದರಿಂದ 31 ಕೂಡ ಇಳಿಯಬಹುದು.

ವಿಲೀನದ ನಂತರವೂ ಕೊರತೆ ಉಳಿದರೆ ಎರಡು ಸಂಗತಿಗಳನ್ನು ಗಮನಿಸಿ. ದೊಡ್ಡ ಔಷಧ ಪ್ರಯೋಗಗಳಲ್ಲಿ ಲೇಖನದ ಕೊನೆಯಲ್ಲಿರುವ ಸಂಶೋಧಕರ ಪಟ್ಟಿಯಲ್ಲಿ ಮಾತ್ರ ಹೆಸರಿದ್ದರೆ ವೈದ್ಯಕೀಯ ಲೇಖನಗಳ ದತ್ತಸಂಚಯವಾದ ಪಬ್‌ಮೆಡ್ ಅದನ್ನು ಸಹಯೋಗಿ ಎಂದು ದಾಖಲಿಸುತ್ತದೆಯೇ ಹೊರತು ಲೇಖಕ ಎಂದಲ್ಲ. ಇನ್ನು ಅಮೆರಿಕದ ಹೃದ್ರೋಗ ಮಾರ್ಗಸೂಚಿಗಳು ಸರ್ಕ್ಯುಲೇಶನ್ ಮತ್ತು ಜೆಎಸಿಸಿ ಎಂಬ ಎರಡು ನಿಯತಕಾಲಿಕೆಗಳಲ್ಲೂ ಪ್ರಕಟವಾಗುವುದರಿಂದ ಉಲ್ಲೇಖಗಳು ಎರಡು ಕಡೆ ಒಡೆದುಹೋಗುತ್ತವೆ. ಇದಕ್ಕಾಗಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ಏಕೆಂದರೆ ಸಾವಿರಾರು ಉಲ್ಲೇಖ ಪಡೆದ ಒಂದು ಮಾರ್ಗಸೂಚಿಯೂ ಎಚ್-ಇಂಡೆಕ್ಸನ್ನು ಹೆಚ್ಚೆಂದರೆ ಒಂದರಷ್ಟು ಏರಿಸಬಲ್ಲದು.

ವಿಲೀನ ಮುಗಿಯುವ ಮೊದಲೇ ಬಡ್ತಿಯ ಅರ್ಜಿ ಸಲ್ಲಿಸಬೇಕಾದರೆ ಎರಡೂ ಸಂಖ್ಯೆಗಳನ್ನು ಆಕರದ ಹೆಸರು ಮತ್ತು ನೋಡಿದ ದಿನಾಂಕದೊಂದಿಗೆ ನಮೂದಿಸಿ, ವಿಲೀನದ ಕೋರಿಕೆಯ ಪ್ರತಿಯನ್ನು ಲಗತ್ತಿಸಿ.