ಮಳೆಗಾಲದಲ್ಲಿ ಸುಟ್ಟುಹೋಗುವ ಎಸ್‌ಎಂಪಿಎಸ್, ಹೊಸ ಕಂಪ್ಯೂಟರ್‌ಗೆ ಏನು ತಗೊಳ್ಳಬೇಕು?

ತೀರ್ಥಹಳ್ಳಿಯ ನಿಮ್ಮ ಮನೆಯಲ್ಲಿ ಎರಡು ಮಳೆಗಾಲಕ್ಕೆ ಎರಡು ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಹೋಗಿವೆ, ಮಗಳ ಓದಿಗೆ, ತೋಟದ ಲೆಕ್ಕಕ್ಕೆ ಹೊಸ ಕಂಪ್ಯೂಟರ್ ಬೇಕು ಅಂತ ಕೇಳಿದ್ದೀರಿ. ಹೋದ ಎಸ್‌ಎಂಪಿಎಸ್ ಬಹುಶಃ ಕ್ಯಾಬಿನೆಟ್ ಜೊತೆ ಬಂದ ಅಗ್ಗದವೇ ಇರಬೇಕು, ಜೊತೆಗೆ ವೋಲ್ಟೇಜ್ ಏರಿಳಿತ. ಕೈಲಿ ಹಿಡಿದಾಗ ಖಾಲಿ ಡಬ್ಬಿಯಷ್ಟು ಹಗುರವಿದ್ದರೆ ಅನುಮಾನವೇ ಬೇಡ.

ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಅದು ಸರಿಯಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕಿಯೂ ದಂಡ. ಆಮೇಲೆ ಹೆಸರಿರುವ ಕಂಪನಿಯ 450 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಹೆಚ್ಚು ಪೋಲು ಮಾಡದ್ದಕ್ಕೆ ಸಿಗುವ ದರ್ಜೆ) ಎಸ್‌ಎಂಪಿಎಸ್ ತಗೊಳ್ಳಿ. ಇಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಮಗಳ ಓದು, ತೋಟದ ಲೆಕ್ಕಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ, ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 5600ಜಿ ಥರದ ಪ್ರೊಸೆಸರ್ ಧಾರಾಳ ಸಾಕು. ಅದರ ಗ್ರಾಫಿಕ್ಸ್ ರ್‍ಯಾಮನ್ನೇ ಬಳಸುವುದರಿಂದ 8 ಜಿಬಿಯ ಎರಡು ಸ್ಟಿಕ್ ಹಾಕಿಸಿ. 512 ಜಿಬಿ ಎಸ್‌ಎಸ್‌ಡಿ, ಒಂದು ಯುಪಿಎಸ್.

ಥಂಡಿಗಾಳಿಯ ದಿನಗಳಲ್ಲಿ ಸ್ವಲ್ಪ ಹೊತ್ತಾದರೂ ಆನ್ ಮಾಡಿ, ಒಳಗಿನ ತೇವ ಆರಲಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡಿ.